ದವಡೆಯಲ್ಲಿ ಟೈಟಾನಿಯಂ, ಎದುರಿಗೆ ಎಂಆರ್‌ಐ

ಎಂಆರ್‌ಐ ಕೋಣೆಗೆ ಬಿಡುವ ಮುಂಚೆ ಕೈಗೊಂದು ಫಾರಂ ಕೊಡುತ್ತಾರೆ. ಪೇಸ್‌ಮೇಕರ್ ಇದೆಯೇ, ಮಿದುಳಿನ ರಕ್ತನಾಳಕ್ಕೆ ಕ್ಲಿಪ್ ಹಾಕಿದ್ದಾರೆಯೇ, ಕಿವಿಯೊಳಗೆ ಯಂತ್ರ ಕೂರಿಸಿದ್ದಾರೆಯೇ, ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಸಿಡಿದಿತ್ತೇ ಎಂದು ಸಾಲು ಸಾಲು ಪ್ರಶ್ನೆ. ಕೊನೆಗೆ, ಬಿಟ್ಟುಹೋದದ್ದನ್ನೆಲ್ಲ ಬಾಚಿಕೊಳ್ಳುವ ಒಂದು ಪ್ರಶ್ನೆ: ದೇಹದಲ್ಲಿ ಬೇರೆ ಯಾವುದಾದರೂ ಇಂಪ್ಲಾಂಟ್ ಇದೆಯೇ? ದವಡೆಗೆ ಸ್ಕ್ರೂ ಕೂರಿಸಿ ಹಲ್ಲು ಕಟ್ಟಿಸಿಕೊಂಡವರ ಪೆನ್ನು ಇಲ್ಲಿಗೆ ಬಂದು ತಡೆಯುತ್ತದೆ. ಹೌದು ಅಂದರೆ ವಾಪಸು ಕಳಿಸಿಬಿಟ್ಟರೆ? ಇಲ್ಲ ಅಂದು ಒಳಗೆ ಹೋದಮೇಲೆ ಆ ದೈತ್ಯ ಆಯಸ್ಕಾಂತ ಸ್ಕ್ರೂವನ್ನು ಕಿತ್ತುಕೊಂಡರೆ?

ಮೊದಲನೆಯದು ಆಗುವುದುಂಟು. ಇಂಪ್ಲಾಂಟ್ ಎಂಬ ಮಾತು ಕಿವಿಗೆ ಬಿದ್ದೊಡನೆ ‘ಹಲ್ಲಿನ ಡಾಕ್ಟರಿಂದ ಲೆಟರ್ ತನ್ನಿ’ ಎಂದು ಹೇಳಿ ಎಬ್ಬಿಸಿ ಕಳಿಸುವವರಿದ್ದಾರೆ. ಎರಡನೆಯದು ಆಗುವುದಿಲ್ಲ. ಇವತ್ತು ಹಾಕುವ ಟೈಟಾನಿಯಂ ಇಂಪ್ಲಾಂಟನ್ನು ಎಂಆರ್‌ಐ ಯಂತ್ರ ಕೀಳುವುದಿಲ್ಲ, ಸಡಿಲಿಸುವುದಿಲ್ಲ, ಸುಡುವುದೂ ಇಲ್ಲ. ಹಾಗಾದರೆ ಚಿಂತೆ ಮಾಡುವಂಥದ್ದು ಏನೂ ಇಲ್ಲವೇ ಎಂದರೆ, ಇದೆ. ಅದು ನಾವು ಹೆದರುತ್ತಿರುವ ಜಾಗದಲ್ಲಿ ಇಲ್ಲ ಅಷ್ಟೆ. ಸ್ಕ್ಯಾನ್‌ನಿಂದ ಇಂಪ್ಲಾಂಟ್‌ಗೆ ಏನಾದೀತು ಎಂದು ಎಲ್ಲರೂ ಕೇಳುತ್ತಾರೆ. ಇಂಪ್ಲಾಂಟ್‌ನಿಂದ ಸ್ಕ್ಯಾನ್‌ಗೆ ಏನಾದೀತು ಎಂದು ಕೇಳುವವರು ಕಡಿಮೆ. ಕೇಳಬೇಕಾದದ್ದು ಎರಡನೆಯ ಪ್ರಶ್ನೆ.

ಮೊದಲು ಆ ಆಯಸ್ಕಾಂತದ ಕಥೆ. ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವುದು 1.5 ಟೆಸ್ಲಾ ಮತ್ತು 3 ಟೆಸ್ಲಾ ಯಂತ್ರಗಳು. ಬೆಂಗಳೂರಿನಲ್ಲಿ ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸುವ ಭೂಮಿಯ ಕಾಂತಕ್ಷೇತ್ರದ ಬಲ ಸುಮಾರು 40 ಮೈಕ್ರೋಟೆಸ್ಲಾ. 1.5 ಟೆಸ್ಲಾ ಎಂದರೆ ಅದರ 35,000 ಪಟ್ಟಿಗೂ ಮಿಗಿಲು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ: ಈ ಆಯಸ್ಕಾಂತಕ್ಕೆ ಸ್ವಿಚ್ ಇಲ್ಲ. ದ್ರವ ಹೀಲಿಯಂನಲ್ಲಿ ತಣಿಸಿಟ್ಟ ಸುರುಳಿಯಲ್ಲಿ ವಿದ್ಯುತ್ತು ಹಗಲೂ ರಾತ್ರಿ ಹರಿಯುತ್ತಲೇ ಇರುತ್ತದೆ. ಸ್ಕ್ಯಾನ್ ನಡೆಯದಿದ್ದಾಗ, ಕೋಣೆಯ ದೀಪ ಆರಿಸಿ ಸಿಬ್ಬಂದಿ ಮನೆಗೆ ಹೋದಾಗಲೂ ಆ ಕೋಣೆಯಲ್ಲಿ ಆಯಸ್ಕಾಂತ ಎಚ್ಚರವಾಗಿಯೇ ಇರುತ್ತದೆ.

ಅಪಘಾತಗಳು ನಡೆದಿರುವುದು ಇದನ್ನು ಮರೆತಾಗ. 2018ರ ಜನವರಿಯಲ್ಲಿ ಮುಂಬಯಿಯ ನಾಯರ್ ಆಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದ ಯುವಕ, ರೋಗಿಯಲ್ಲ, ರೋಗಿಯ ಕಡೆಯವನು, ಸಿಲಿಂಡರ್ ಸಮೇತ ಯಂತ್ರಕ್ಕೆ ಎಳೆಯಲ್ಪಟ್ಟು ಪ್ರಾಣ ಬಿಟ್ಟ. 2025ರ ಜುಲೈನಲ್ಲಿ ನ್ಯೂಯಾರ್ಕ್ ಬಳಿ ಕತ್ತಿಗೆ ಭಾರದ ಲೋಹದ ಸರಪಳಿ ಹಾಕಿಕೊಂಡಿದ್ದ ವ್ಯಕ್ತಿಯೊಬ್ಬರಿಗೂ ಇದೇ ಗತಿಯಾಯಿತು. ಎರಡರಲ್ಲೂ ಕೊಂದದ್ದು ಹೊರಗಿನಿಂದ ಬಂದ ಭಾರದ ಲೋಹ. ನಮ್ಮ ನಿಮ್ಮ ಮಟ್ಟದಲ್ಲೂ ಹಾಗೆಯೇ. ಸೀರೆಯ ಸೆರಗಿಗೆ ಚುಚ್ಚಿದ ಸೇಫ್ಟಿ ಪಿನ್ನು, ತುರುಬಿನೊಳಗೆ ಉಳಿದ ಹೇರ್ ಪಿನ್ನು, ಅಂಗಿ ಜೇಬಿನ ಒಂದು ರೂಪಾಯಿ ನಾಣ್ಯ ದವಡೆಯ ಇಂಪ್ಲಾಂಟ್‌ಗಿಂತ ಎಷ್ಟೋ ಹೆಚ್ಚು ಅಪಾಯಕಾರಿ. ನಮ್ಮ ಒಂದು, ಎರಡು ರೂಪಾಯಿಯ ಸ್ಟೀಲ್ ನಾಣ್ಯಗಳು ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತಕ್ಕೂ ಕಚ್ಚಿಕೊಳ್ಳುತ್ತವೆ, ಬೇಕಾದರೆ ನೋಡಿ.

ಟೈಟಾನಿಯಂ ಕಚ್ಚಿಕೊಳ್ಳುವುದಿಲ್ಲ. ಕಬ್ಬಿಣ, ನಿಕಲ್, ಕೋಬಾಲ್ಟ್‌ಗಳಲ್ಲಿ ಪರಮಾಣುಗಳ ಪುಟ್ಟ ಪುಟ್ಟ ಕಾಂತಗಳು ಗುಂಪು ಗುಂಪಾಗಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಬಲ್ಲವು. ಹಾಗಾಗಿ ಅವು ಆಯಸ್ಕಾಂತದತ್ತ ನೆಗೆಯುತ್ತವೆ. ಟೈಟಾನಿಯಂಗೆ ಆ ಗುಣವಿಲ್ಲ. ಕಾಂತಕ್ಷೇತ್ರಕ್ಕೆ ಅದು ತೋರಿಸುವ ಪ್ರತಿಕ್ರಿಯೆ ಅತ್ಯಲ್ಪ. ಇದನ್ನು ಪರೀಕ್ಷಿಸಲು ಒಂದು ಸರಳ ವಿಧಾನ ಇದೆ, ನನಗೆ ಬಹಳ ಇಷ್ಟವಾದದ್ದು. ವಸ್ತುವನ್ನು ಸಣ್ಣ ದಾರಕ್ಕೆ ಕಟ್ಟಿ ಯಂತ್ರದ ಬಾಯಿಯ ಹತ್ತಿರ ನೇತುಹಾಕುತ್ತಾರೆ. ಎಳೆತ ಹೆಚ್ಚಿರುವುದು ಸುರಂಗದ ನಡುವೆ ಅಲ್ಲ, ಬಲ ಥಟ್ಟನೆ ಏರುವ ಬಾಯಿಯ ಬಳಿ. ದಾರ 45 ಡಿಗ್ರಿ ವಾಲಿದರೆ ಆಯಸ್ಕಾಂತದ ಎಳೆತವೂ ಆ ವಸ್ತುವಿನ ತೂಕವೂ ಸಮ ಎಂದರ್ಥ. ಅದಕ್ಕಿಂತ ಕಡಿಮೆ ವಾಲಿದರೆ ಭೂಮಿಯ ಗುರುತ್ವವೇ ಆಯಸ್ಕಾಂತಕ್ಕಿಂತ ಜೋರು. ಟೈಟಾನಿಯಂ ಸ್ಕ್ರೂ ಕಟ್ಟಿದ ದಾರ ಹೆಚ್ಚುಕಡಿಮೆ ನೆಟ್ಟಗೇ ನೇತಾಡುತ್ತದೆ. ತನ್ನ ತೂಕವನ್ನೇ ಎತ್ತಲಾರದ ಎಳೆತ ಎಲುಬಿನಲ್ಲಿ ಬಿಗಿದ ಸ್ಕ್ರೂವನ್ನು ಏನು ಮಾಡೀತು? ಹೋದ ವಾರವಷ್ಟೇ ಹಾಕಿಸಿದ್ದು, ಇನ್ನೂ ಎಲುಬು ಕೂಡಿಕೊಂಡಿಲ್ಲ ಎನ್ನುವವರಿಗೂ ಇದೇ ಉತ್ತರ. ಎಳೆತವೇ ಇಲ್ಲದ ಮೇಲೆ ಹಿಡಿತ ಎಷ್ಟಿದೆ ಎಂಬ ಪ್ರಶ್ನೆ ಬರುವುದಿಲ್ಲ.

ಆಯಸ್ಕಾಂತಕ್ಕೆ ಜಗ್ಗದ ಈ ಲೋಹವನ್ನು ಯಾರೂ ಅದಕ್ಕೆಂದೇ ಯೋಜನೆ ಹಾಕಿ ಆರಿಸಿದ್ದಲ್ಲ ಎನ್ನುವುದು ಇನ್ನೂ ಸ್ವಾರಸ್ಯ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1952ರ ಸುಮಾರಿಗೆ ಮೊಲದ ಕಾಲಿನ ಎಲುಬಿನಲ್ಲಿ ರಕ್ತಸಂಚಾರ ನೋಡಲು ಟೈಟಾನಿಯಂ ನಳಿಕೆಯೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದಮೇಲೆ ತೆಗೆಯಹೋದರೆ ಬರಲಿಲ್ಲ, ಎಲುಬು ಅದನ್ನು ತನ್ನದೇ ಎಂಬಂತೆ ಅಪ್ಪಿಕೊಂಡಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಗೋಸ್ತಾ ಲಾರ್ಸನ್ ಎಂಬ ರೋಗಿಯ ಕೆಳದವಡೆಗೆ ಮೊದಲ ಟೈಟಾನಿಯಂ ಇಂಪ್ಲಾಂಟ್‌ಗಳು ಬಂದವು. ಅವು ಆತ ತೀರಿಕೊಳ್ಳುವವರೆಗೆ, ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದವು. ಆಗ ಎಂಆರ್‌ಐ ಎಂಬುದೇ ಇರಲಿಲ್ಲ. ಪಾಲ್ ಲಾಟರ್‌ಬರ್ ಕಾಂತ ಅನುರಣನದಿಂದ ಚಿತ್ರ ಬಿಡಿಸುವ ದಾರಿ ತೋರಿಸಿದ್ದು 1973ರಲ್ಲಿ. ರೇಮಂಡ್ ಡಮಾಡಿಯನ್ ತಂಡ ಮನುಷ್ಯನೊಬ್ಬನನ್ನು ಯಂತ್ರದೊಳಗೆ ಕೂರಿಸಿ ಸುಮಾರು ಐದು ತಾಸು ಹೆಣಗಿ ಎದೆಯ ಒಂದು ಮಸುಕು ಚಿತ್ರ ತೆಗೆದದ್ದು 1977ರಲ್ಲಿ. ಬ್ರೋನೆಮಾರ್ಕ್ ಟೈಟಾನಿಯಂ ಹಿಡಿದದ್ದು ಎಲುಬಿಗೆ ಒಗ್ಗಿತೆಂದು. ಅದು ಮುಂದೆ ಹುಟ್ಟಲಿರುವ ಯಂತ್ರಕ್ಕೂ ಒಗ್ಗಿದ್ದು ನಮ್ಮ ಪುಣ್ಯ. ಅವರ ಕೈಗೆ ಬೇರೆ ಯಾವುದೋ ಸ್ಟೀಲು ಸಿಕ್ಕಿದ್ದರೆ ಈ ಅಂಕಣದ ಧಾಟಿ ಬೇರೆಯೇ ಆಗಿರುತ್ತಿತ್ತು.

ಎಳೆತದ ಭಯ ಇಳಿದವರಿಗೆ ಮುಂದೆ ಬರುವುದು ಬಿಸಿಯ ಭಯ. ಎಂಆರ್‌ಐ ಯಂತ್ರ ಆಯಸ್ಕಾಂತದ ಜೊತೆಗೆ ರೇಡಿಯೊ ತರಂಗವನ್ನೂ ದೇಹದೊಳಕ್ಕೆ ಬಿಡುತ್ತದೆ. 1.5 ಟೆಸ್ಲಾದಲ್ಲಿ ಅದರ ಆವರ್ತನ ಸುಮಾರು 64 ಮೆಗಾಹರ್ಟ್ಸ್, 3 ಟೆಸ್ಲಾದಲ್ಲಿ 128. ನಾವು ಬೆಂಗಳೂರಿನಲ್ಲಿ ಕೇಳುವ 101.3 ಎಫ್‌ಎಂ ರೇನ್‌ಬೋ ಇವೆರಡರ ನಡುವೆ ಬರುತ್ತದೆ. ಅದಕ್ಕೇ ಹೊರಗಿನ ರೇಡಿಯೊ ಒಳಗೆ ನುಸುಳದಂತೆ ಆ ಕೋಣೆಯ ಗೋಡೆಗೆ ತಾಮ್ರದ ಹಾಳೆ ಹೊದಿಸಿರುತ್ತಾರೆ. ಉದ್ದನೆಯ ಲೋಹದ ತಂತಿ ಈ ತರಂಗಕ್ಕೆ ಏರಿಯಲ್ ಆಗಿ ಕೆಲಸ ಮಾಡಿ ತುದಿಯಲ್ಲಿ ಬಿಸಿಯಾಗಬಲ್ಲದು. ಹೃದಯದವರೆಗೆ ಹೋಗುವ ಹಳೆಯ ಪೇಸ್‌ಮೇಕರ್ ತಂತಿಗಳ ಬಗ್ಗೆ ಅಷ್ಟು ಎಚ್ಚರ ವಹಿಸುವುದು ಇದೇ ಕಾರಣಕ್ಕೆ. ಆದರೆ ಬಿಸಿ ಅತಿ ಹೆಚ್ಚಾಗುವುದು ಲೋಹದ ಉದ್ದ ದೇಹದೊಳಗಿನ ತರಂಗದ ಅರ್ಧದಷ್ಟರ ಸುಮಾರಿಗೆ ಬಂದಾಗ, 1.5 ಟೆಸ್ಲಾದಲ್ಲಿ ಅದು ಸುಮಾರು 26 ಸೆಂಟಿಮೀಟರ್, 3 ಟೆಸ್ಲಾದಲ್ಲಿ ಸುಮಾರು 13. ಹಲ್ಲಿನ ಇಂಪ್ಲಾಂಟ್ ಎಷ್ಟುದ್ದ? ಹೆಚ್ಚಿನವು 8ರಿಂದ 15 ಮಿಲಿಮೀಟರ್. ಮೇಲ್ದವಡೆಯಲ್ಲಿ ಎಲುಬೇ ಸಾಲದವರಿಗೆ ಕೆನ್ನೆಯ ಮೂಳೆಗೆ ಹಾಕುವ ಉದ್ದದ ಜೈಗೋಮ್ಯಾಟಿಕ್ ಇಂಪ್ಲಾಂಟ್ ಕೂಡ ಐದಾರು ಸೆಂಟಿಮೀಟರ್ ದಾಟುವುದಿಲ್ಲ.

ಎಲುಬಿನ ಜೀವಕೋಶಗಳಿಗೆ ಪೆಟ್ಟು ಬೀಳುವುದು 47 ಡಿಗ್ರಿ ಸೆಲ್ಸಿಯಸ್ ಶಾಖ ಒಂದು ನಿಮಿಷ ನಿಂತಾಗ ಎಂದು 1983ರಲ್ಲಿ ಎರಿಕ್‌ಸನ್ ಮತ್ತು ಆಲ್ಬ್ರೆಕ್ಟ್‌ಸನ್ ತೋರಿಸಿದರು, ಅದೂ ಗೋಥೆನ್‌ಬರ್ಗ್‌ನಲ್ಲೇ. ಅವರು ಯೋಚಿಸುತ್ತಿದ್ದದ್ದು ಸ್ಕ್ಯಾನ್ ಬಗ್ಗೆ ಅಲ್ಲ, ಇಂಪ್ಲಾಂಟ್ ಕೂರಿಸಲು ಕೊರೆಯುವಾಗ ಹುಟ್ಟುವ ಶಾಖದ ಬಗ್ಗೆ. ಹಲ್ಲಿನ ಡಾಕ್ಟರು ಕೊರೆಯುವಾಗ ಸಲೈನ್ ನೀರನ್ನು ಧಾರೆಯಾಗಿ ಬಿಡುತ್ತಿರುವುದು ಅದಕ್ಕೇ. ನಿಮ್ಮ ದವಡೆಗೆ ಬಿಸಿಯಿಂದ ಅಪಾಯವಿದ್ದ ಗಳಿಗೆ ಒಂದಿದ್ದರೆ ಅದು ಇಂಪ್ಲಾಂಟ್ ಹಾಕಿಸಿಕೊಂಡ ದಿನವೇ ಕಳೆದುಹೋಗಿದೆ. ಆದರೂ ಒಂದು ಮಾತು. ಸ್ಕ್ಯಾನ್ ನಡೆಯುವಾಗ ಬಾಯಲ್ಲಿ ಬಿಸಿಯೋ ಜುಮ್ಮೆನ್ನುವುದೋ ಅನ್ನಿಸಿದರೆ ಸಹಿಸಿಕೊಂಡು ಮಲಗಬೇಡಿ. ಕೈಗೆ ಕೊಟ್ಟಿರುವ ರಬ್ಬರ್ ಬಲ್ಬ್ ಒತ್ತಿ. ಅದನ್ನು ಕೊಟ್ಟಿರುವುದೇ ಅದಕ್ಕೆ.

ಇಷ್ಟೆಲ್ಲ ಸ್ಪಷ್ಟವಿದ್ದರೂ ಸ್ಕ್ಯಾನ್ ಸೆಂಟರಿನವರು ಯಾಕೆ ಹಿಂಜರಿಯುತ್ತಾರೆ? ಕಾರಣ ಕಾಗದದಲ್ಲಿದೆ. ಲೋಹದ ಯಾವ ವಸ್ತುವಿಗೂ ‘ಎಂಆರ್ ಸೇಫ್’ ಎಂಬ ಹಸಿರು ಚೌಕದ ಮುದ್ರೆ ಸಿಗುವುದಿಲ್ಲ. ಅದು ಪ್ಲಾಸ್ಟಿಕ್, ಗಾಜಿನಂಥ, ವಿದ್ಯುತ್ತು ಹರಿಯದ, ಕಾಂತಗುಣವಿಲ್ಲದ ವಸ್ತುಗಳಿಗೆ ಮೀಸಲು. 2005ರಿಂದ ಬಳಕೆಯಲ್ಲಿರುವ ಈ ಪದ್ಧತಿಯಲ್ಲಿ ಟೈಟಾನಿಯಂ ಇಂಪ್ಲಾಂಟ್‌ಗೆ ಸಿಗುವುದು ‘ಎಂಆರ್ ಕಂಡಿಷನಲ್’ ಎಂಬ ಹಳದಿ ತ್ರಿಕೋನ: ಇಂಥ ಬಲದ ಯಂತ್ರದಲ್ಲಿ, ಇಂಥ ಮಿತಿಯೊಳಗೆ ಸ್ಕ್ಯಾನ್ ಮಾಡಬಹುದು ಎಂದರ್ಥ. ಹಳದಿ ಬಣ್ಣ, ತ್ರಿಕೋನ, ಷರತ್ತು ಎಂಬ ಮಾತು ಮೂರೂ ಸೇರಿದರೆ ಯಾರಿಗಾದರೂ ಅಳುಕು ಬರುವುದು ಸಹಜ. ಆ ಷರತ್ತುಗಳು ಏನೆಂದು ತೆರೆದು ಓದಿದರೆ, ದಿನವೂ ನಡೆಯುವ 1.5 ಅಥವಾ 3 ಟೆಸ್ಲಾ ಸ್ಕ್ಯಾನ್‌ಗಳೇ ಅವುಗಳ ಮಿತಿಯೊಳಗೆ ಬರುತ್ತವೆ. ಅಪಾಯಕಾರಿ ಎಂಬುದಕ್ಕೆ ಬೇರೆ ಗುರುತಿದೆ. ಕೆಂಪು ವೃತ್ತ, ಅಡ್ಡಗೀಟು.

ಇದಕ್ಕಿಂತ ಗೋಜಲು ಮಾಡುವುದು ಇನ್ನೊಂದು ಸಾಲು. ಎಷ್ಟೋ ಕಂಪನಿಗಳ ಇಂಪ್ಲಾಂಟ್ ಪೊಟ್ಟಣದೊಳಗಿನ ಚೀಟಿಯಲ್ಲಿ, ಈ ವಸ್ತುವನ್ನು ಎಂಆರ್ ವಾತಾವರಣದಲ್ಲಿ ಪರೀಕ್ಷಿಸಿಲ್ಲ ಎಂದು ಬರೆದಿರುತ್ತದೆ. ಪರೀಕ್ಷೆಗೆ ಖರ್ಚಿದೆ, ಕಂಪನಿ ಆ ಖರ್ಚಿಗೆ ಕೈಹಾಕಿಲ್ಲ. ಈ ಸಾಲನ್ನು ‘ಅಪಾಯ’ ಎಂದು ಓದಿ ರೋಗಿಯನ್ನು ಮನೆಗೆ ಕಳಿಸುವುದು ನನ್ನ ದೃಷ್ಟಿಯಲ್ಲಿ ಎಚ್ಚರಿಕೆಯಲ್ಲ, ಜವಾಬ್ದಾರಿ ಜಾರಿಸುವುದು. ಟೈಟಾನಿಯಂ ಎಂಬುದು ಖಚಿತವಿದ್ದರೆ ಲೋಹದ ಗುಣ ಕಂಪನಿಯಿಂದ ಕಂಪನಿಗೆ ಬದಲಾಗುವುದಿಲ್ಲ. ಅಂಥ ಹೊತ್ತಿನಲ್ಲಿ ನಿರ್ಧಾರ ಮಾಡಬೇಕಾದವರು ಕೌಂಟರಿನಲ್ಲಿ ಫಾರಂ ತುಂಬಿಸುವವರಲ್ಲ, ರೇಡಿಯಾಲಜಿಸ್ಟ್. ‘ಡಾಕ್ಟರ ಹತ್ತಿರ ಒಂದು ಮಾತು ಕೇಳಿ ನೋಡ್ತೀರಾ?’ ಎಂದು ಕೇಳಲು ರೋಗಿಗಾಗಲಿ ಮನೆಯವರಿಗಾಗಲಿ ಸಂಕೋಚ ಬೇಡ.

ಈಗ ನಿಜವಾದ ಸಮಸ್ಯೆಗೆ ಬರೋಣ. ಎಂಆರ್‌ಐ ಚಿತ್ರ ಬರುವುದು ನಮ್ಮ ದೇಹದ ನೀರು, ಕೊಬ್ಬಿನಲ್ಲಿರುವ ಹೈಡ್ರೋಜನ್ ಕೊಡುವ ಸಂಕೇತದಿಂದ. ಯಾವ ಸಂಕೇತ ಯಾವ ಜಾಗದ್ದು ಎಂದು ಯಂತ್ರ ಕಂಡುಹಿಡಿಯುವುದು ಕಾಂತಕ್ಷೇತ್ರದ ಲೆಕ್ಕದ ಮೇಲೆ. ಹಾಗಾಗಿ ಕ್ಷೇತ್ರ ತನ್ನ ಲೆಕ್ಕದ ಪ್ರಕಾರವೇ ಇರಬೇಕು. ಟೈಟಾನಿಯಂ ಆಯಸ್ಕಾಂತಕ್ಕೆ ಹಾರುವುದಿಲ್ಲ, ನಿಜ. ಆದರೆ ಸುತ್ತಲಿನ ಮಾಂಸಕ್ಕಿಂತ ಅದರ ಕಾಂತಸ್ವಭಾವ ಬೇರೆ. ನೆಟ್ಟಗೆ ಬರುತ್ತಿದ್ದ ನೇಗಿಲ ಸಾಲು ಹೊಲದ ನಡುವೆ ಹುಗಿದ ಬಂಡೆ ಸಿಕ್ಕಾಗ ಬಳಸಿಕೊಂಡು ಹೋಗುವ ಹಾಗೆ, ಲೋಹದ ಸುತ್ತ ಕ್ಷೇತ್ರ ಬಾಗುತ್ತದೆ. ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಇಲ್ಲಿಯ ಸಂಕೇತವನ್ನು ಅಲ್ಲಿಯದೆಂದು ಬರೆಯುತ್ತದೆ, ಕೆಲವನ್ನು ಕಳೆದುಕೊಳ್ಳುತ್ತದೆ. ಚಿತ್ರದಲ್ಲಿ ಲೋಹವಿದ್ದ ಜಾಗ ಕಪ್ಪು ಗುಂಡಿಯಾಗಿ, ಅದರ ಅಂಚು ಬೆಳ್ಳಗೆ ಉರಿಯುವ ಗೆರೆಯಾಗಿ, ಅಕ್ಕಪಕ್ಕ ಸೊಟ್ಟಗಾಗಿ ಕಾಣುತ್ತದೆ. ಗುಂಡಿ ನಿಜವಾದ ಸ್ಕ್ರೂಗಿಂತ ದೊಡ್ಡದು. 3 ಟೆಸ್ಲಾ ಯಂತ್ರ ಚಿತ್ರ ಚೊಕ್ಕವಾಗಿ ಕೊಡುತ್ತದೆ ಎಂಬ ಪ್ರತೀತಿ ಇದೆಯಲ್ಲ, ಲೋಹದ ವಿಷಯದಲ್ಲಿ ಅದು ತಿರುಗುಮುರುಗು. ಬಲ ಹೆಚ್ಚಿದಷ್ಟೂ ಈ ಕಲೆ ದೊಡ್ಡದಾಗುತ್ತದೆ. ಬಾಯಿ ತುಂಬ ಲೋಹವಿದ್ದವರ ಬಾಯಿಯನ್ನೇ ನೋಡಬೇಕಿದ್ದರೆ 1.5 ಟೆಸ್ಲಾ ಯಂತ್ರವೇ ವಾಸಿ.

ನೋಡಬೇಕಾದ ಅಂಗ ದೂರದಲ್ಲಿದ್ದರೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಮಂಡಿ, ಸೊಂಟ, ಹೊಟ್ಟೆಯ ಸ್ಕ್ಯಾನ್‌ಗೆ ಹಲ್ಲಿನ ಇಂಪ್ಲಾಂಟ್ ಏನೂ ಮಾಡುವುದಿಲ್ಲ. ಮಿದುಳಿನ ಸ್ಕ್ಯಾನ್‌ನಲ್ಲೂ ಒಂದೆರಡು ಟೈಟಾನಿಯಂ ಇಂಪ್ಲಾಂಟ್ ಇದ್ದರೆ ಕಲೆ ಸಾಮಾನ್ಯವಾಗಿ ಬಾಯಿಯ ಸುತ್ತಲೇ ಉಳಿಯುತ್ತದೆ. ಆದರೆ ಪಾರ್ಶ್ವವಾಯು ಹೊಡೆದಾಗ ತೆಗೆಯುವ ಡಿಫ್ಯೂಷನ್ ಚಿತ್ರ, ರಕ್ತದ ಸಣ್ಣ ಕಲೆ ಹುಡುಕುವ ಗ್ರೇಡಿಯಂಟ್ ಎಕೋ ಚಿತ್ರ ಲೋಹಕ್ಕೆ ಬಹಳ ಸೂಕ್ಷ್ಮ. ಮೇಲ್ದವಡೆಯಲ್ಲಿ ಲೋಹ ಹೆಚ್ಚಿದ್ದರೆ ಮಿದುಳಿನ ಮುಂಭಾಗದ ತಳ ಮಸುಕಾಗಬಹುದು. ಟೆಕ್ನಿಷಿಯನ್‌ಗೆ ಮೊದಲೇ ಗೊತ್ತಿದ್ದರೆ ಸ್ಪಿನ್ ಎಕೋ ಬಗೆಯ ಚಿತ್ರ ಹೆಚ್ಚು ತೆಗೆಯುತ್ತಾರೆ, ಬ್ಯಾಂಡ್‌ವಿಡ್ತ್ ಏರಿಸುತ್ತಾರೆ, ಲೋಹದ ಕಲೆ ತಗ್ಗಿಸುವ ತಂತ್ರಾಂಶವಿದ್ದರೆ ಹಚ್ಚುತ್ತಾರೆ. ಗೊತ್ತಿಲ್ಲದಿದ್ದರೆ ಚಿತ್ರವೆಲ್ಲ ಮುಗಿದ ಮೇಲೆ ಕಲೆ ಕಾಣುತ್ತದೆ, ಅಷ್ಟರಲ್ಲಿ ರೋಗಿ ಬಟ್ಟೆ ಬದಲಾಯಿಸಿ ಆಟೋ ಹತ್ತಿರುತ್ತಾನೆ.

ಲೋಹದ ಕಲೆ ನಿಜಕ್ಕೂ ಕಾಡುವುದು ಬಾಯಿಯನ್ನೇ ನೋಡಬೇಕಾದಾಗ. ನಮ್ಮಲ್ಲಿ ಇದು ಅಪರೂಪವಲ್ಲ. ತಂಬಾಕು, ಗುಟ್ಕಾ, ಎಲೆ ಅಡಿಕೆ ಜಗಿಯುವ ನಾಡಿದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಹೊರರೋಗಿ ವಿಭಾಗದಲ್ಲಿ ಒಂದು ಬೆಳಗ್ಗೆ ಕೂತವರಿಗೆ ಬಾಯಿ ಕ್ಯಾನ್ಸರ್ ಎಷ್ಟು ಸಾಮಾನ್ಯ ಎಂದು ಬೇರೆ ಹೇಳಬೇಕಾಗಿಲ್ಲ. ಕೆನ್ನೆ ಮತ್ತು ವಸಡು ಕೂಡುವ ಸಂದಿಯಲ್ಲಿ, ಅಂದರೆ ತಂಬಾಕನ್ನು ಒತ್ತಿಟ್ಟುಕೊಳ್ಳುವ ಜಾಗದಲ್ಲೇ ಗಡ್ಡೆ ಹುಟ್ಟುವುದು ಹೆಚ್ಚು. ಅದು ದವಡೆ ಮೂಳೆಯ ಮಜ್ಜೆಯೊಳಕ್ಕೆ ಇಳಿದಿದೆಯೇ ಇಲ್ಲವೇ ಎಂಬುದರ ಮೇಲೆ ಎಷ್ಟು ಎಲುಬು ಕತ್ತರಿಸಬೇಕು ಎಂಬ ತೀರ್ಮಾನ ನಿಂತಿರುತ್ತದೆ. ಸರಿಯಾಗಿ ಅದೇ ಜಾಗದಲ್ಲಿ ಲೋಹದ ಕಪ್ಪು ಗುಂಡಿ ಬಿದ್ದರೆ ರೇಡಿಯಾಲಜಿಸ್ಟ್ ಏನು ಓದಬೇಕು? ಅಂಥ ಸಂದರ್ಭದಲ್ಲಿ ಎಂಆರ್‌ಐ, ಸಿ.ಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಕೆಲವು ಸರಳ ಉಪಾಯಗಳೂ ಇವೆ. ಕೆನ್ನೆ ಉಬ್ಬಿಸಿ ಗಾಳಿ ಹಿಡಿದುಕೊಳ್ಳಲು ಹೇಳಿ ಸಿ.ಟಿ. ತೆಗೆದರೆ ಕೆನ್ನೆ ಬೇರೆ, ವಸಡು ಬೇರೆಯಾಗಿ ಕಾಣುತ್ತದೆ. ಬಾಯಿ ಅಗಲಿಸಿ ತೆಗೆದರೆ ಹಲ್ಲಿನ ಲೋಹದ ಗೆರೆಗಳು ನಾಲಿಗೆಯನ್ನು ಬಿಟ್ಟು ಬೇರೆ ಮಟ್ಟದಲ್ಲಿ ಹಾಯುತ್ತವೆ. ಕಾಸು ಖರ್ಚಿಲ್ಲದ ವಿದ್ಯೆ, ಯಂತ್ರದ ಮುಂದೆ ನಿಂತವರಿಗೆ ತಾಳ್ಮೆ ಇರಬೇಕು ಅಷ್ಟೆ.

ಇಂಪ್ಲಾಂಟನ್ನು ಇಷ್ಟು ಹೊತ್ತು ಆಡಿಕೊಂಡದ್ದಾಯಿತು. ಬಾಯಲ್ಲಿರುವ ಲೋಹಗಳಲ್ಲಿ ಅದು ಅತ್ಯಂತ ಸಾಧು. ಅದರ ಮೇಲೆ ಕೂರಿಸಿದ ಕ್ಯಾಪ್ ಎಷ್ಟೋ ಸಲ ಅದಕ್ಕಿಂತ ತಂಟೆ. ಕೋಬಾಲ್ಟ್-ಕ್ರೋಮಿಯಂ ಕ್ಯಾಪ್ ಚಿತ್ರದಲ್ಲಿ ಟೈಟಾನಿಯಂಗಿಂತ ದೊಡ್ಡ ಕಲೆ ಮಾಡುತ್ತದೆ. ಕಡಿಮೆ ದರಕ್ಕೆ ಸಿಗುವ, ಹೊರಗೆ ಪಿಂಗಾಣಿ ಒಳಗೆ ಲೋಹ ಇರುವ ಕ್ಯಾಪ್‌ಗಳ ಒಳಭಾಗ ಸಾಮಾನ್ಯವಾಗಿ ನಿಕಲ್-ಕ್ರೋಮಿಯಂ. ಕ್ರೋಮಿಯಂ ಸೇರಿರುವುದರಿಂದ ನಿಕಲ್ಲಿನ ಕಾಂತಗುಣ ಅಡಗಿರುತ್ತದೆ, ಹಾಗಾಗಿ ಹಾರುವುದಿಲ್ಲ, ಆದರೆ ಕಲೆ ಬಿಡುತ್ತದೆ. ಪಿಂಗಾಣಿ ಜಾತಿಯ ಜಿರ್ಕೋನಿಯಾ ಕ್ಯಾಪ್, ಜಿರ್ಕೋನಿಯಾ ಇಂಪ್ಲಾಂಟ್ ಎಂಆರ್‌ಐ ಚಿತ್ರವನ್ನು ಹೆಚ್ಚು ಕೆಡಿಸುವುದಿಲ್ಲ. ಬೆಳ್ಳಿ ಫಿಲ್ಲಿಂಗ್, ಚಿನ್ನದ ಹಲ್ಲು ಮಾಡುವ ತೊಂದರೆ ಅಲ್ಪ. ದೊಡ್ಡ ಖಳನಾಯಕ ಹಲ್ಲು ಸರಿಪಡಿಸಲು ಹಾಕುವ ಸ್ಟೀಲ್ ಕ್ಲಿಪ್. ಅದು ಅರ್ಧ ಮುಖವನ್ನೇ ಚಿತ್ರದಿಂದ ಅಳಿಸಿಹಾಕಬಲ್ಲದು. ಕ್ಲಿಪ್ ತೆಗೆದ ಮೇಲೆ ಹಲ್ಲು ಮತ್ತೆ ಸರಿಯದಂತೆ ಮುಂದಿನ ಹಲ್ಲುಗಳ ಹಿಂಬದಿಗೆ ಅಂಟಿಸುವ ಸಣ್ಣ ತಂತಿ ಇದೆಯಲ್ಲ, ಅದು ಹಾಕಿಸಿಕೊಂಡವರಿಗೇ ಮರೆತುಹೋಗಿರುತ್ತದೆ.

ಹಾಕಿ ತೆಗೆಯುವ ಹಲ್ಲಿನ ಸೆಟ್ಟನ್ನು, ಲೋಹ ಇರಲಿ ಬಿಡಲಿ, ತೆಗೆದಿಟ್ಟೇ ಒಳಗೆ ಹೋಗಬೇಕು. ಇದರಲ್ಲಿ ಒಂದು ಬಗೆಯದನ್ನು ವಿಶೇಷವಾಗಿ ಹೇಳಬೇಕು: ಆಯಸ್ಕಾಂತದಿಂದ ಕಚ್ಚಿಕೊಳ್ಳುವ ಸೆಟ್ಟು. ಸೆಟ್ಟಿನೊಳಗೆ ಪುಟ್ಟ ಆದರೆ ಬಲವಾದ ಆಯಸ್ಕಾಂತ, ದವಡೆಯಲ್ಲಿ ಉಳಿದ ಹಲ್ಲಿನ ಬೇರಿನ ಮೇಲೋ ಇಂಪ್ಲಾಂಟ್ ಮೇಲೋ ಅದಕ್ಕೆ ಜೋಡಿಯಾದ ಕಾಂತಗುಣದ ಸ್ಟೀಲ್ ಬಿಲ್ಲೆ. ಸೆಟ್ಟು ಹೊರಗೇ ಉಳಿಯಬೇಕು. ಎಂಆರ್‌ಐ ಬಲಕ್ಕೆ ಸಿಕ್ಕರೆ ಅದು ಎಳೆತಕ್ಕೂ ಒಳಗಾಗುತ್ತದೆ, ಒಳಗಿನ ಆಯಸ್ಕಾಂತದ ಶಕ್ತಿಯೂ ಕೆಡಬಹುದು. ಬಿಲ್ಲೆ ಬಾಯಲ್ಲೇ ಉಳಿಯುವುದರಿಂದ ಅದನ್ನು ಮುಂಚಿತವಾಗಿ ತಿಳಿಸಲೇಬೇಕು. ಸ್ಕ್ರೂ ಹಾಕಿ ಕೂರಿಸಿದ್ದಾದರೆ, ತಲೆ ಕತ್ತಿನ ಸ್ಕ್ಯಾನ್‌ಗೆ ಮೊದಲು ದಂತವೈದ್ಯರು ಬಿಚ್ಚಿಕೊಡಬಹುದು. ಹಲ್ಲಿನ ವಿಷಯದಲ್ಲಿ ಎಂಆರ್‌ಐಗೆ ಮುಂಚೆ ದಂತವೈದ್ಯರ ಮಾತು ನಿಜಕ್ಕೂ ಬೇಕಾಗುವ ಸಂದರ್ಭ ಎಂದರೆ ಇದು.

ಸಿ.ಟಿ. ಸ್ಕ್ಯಾನ್, ಎಕ್ಸ್‌ರೇಗಳಲ್ಲಿ ಆಯಸ್ಕಾಂತವಿಲ್ಲ. ಎಳೆತ, ಬಿಸಿ ಯಾವುದರ ಮಾತೂ ಇಲ್ಲ. ಅಲ್ಲಿ ಲೋಹ ಎಕ್ಸ್‌ರೇಯನ್ನು ನುಂಗಿಬಿಡುತ್ತದೆ. ಚಿತ್ರದಲ್ಲಿ ಹಲ್ಲಿನಿಂದ ಸುತ್ತಲೂ ಕಪ್ಪು ಬಿಳುಪು ಗೆರೆಗಳು ಚಿಮ್ಮುತ್ತವೆ. ಜಿರ್ಕೋನಿಯಾಗೆ ಇಲ್ಲಿ ರಿಯಾಯಿತಿ ಇಲ್ಲ. ಎಂಆರ್‌ಐಯಲ್ಲಿ ಸೌಮ್ಯವಾಗಿದ್ದ ಅದು ಸಿ.ಟಿ.ಯಲ್ಲಿ ಟೈಟಾನಿಯಂಗಿಂತ ಹೆಚ್ಚು ಗೆರೆ ಎಬ್ಬಿಸುತ್ತದೆ, ಏಕೆಂದರೆ ಎಕ್ಸ್‌ರೇ ಲೆಕ್ಕ ಇಡುವುದು ಪರಮಾಣು ಎಷ್ಟು ಭಾರ ಎಂಬುದನ್ನು. ಎಲ್ಲ ಸ್ಕ್ಯಾನ್‌ಗೂ ಒಳ್ಳೆಯದಾದ ಹಲ್ಲು ಎಂದು ಜಾಹೀರಾತು ಕಂಡರೆ ನಂಬಬೇಡಿ.

ಇಂಪ್ಲಾಂಟ್ ಇರುವವರು ಹೆಚ್ಚಾಗಿ ಎದುರಿಸುವುದು ದಂತ ಚಿಕಿತ್ಸೆಯ ಸಿಬಿಸಿಟಿ ಎಂಬ ಮೂರು ಆಯಾಮದ ಎಕ್ಸ್‌ರೇ. ಇಲ್ಲಿ ಒಂದು ಮೋಸವಿದೆ. ಈ ಚಿತ್ರದಲ್ಲಿ ಎಲುಬು ಸರಿಯಿದ್ದರೂ ಟೈಟಾನಿಯಂ ಸ್ಕ್ರೂವಿನ ಸುತ್ತ ತೆಳ್ಳಗೆ ಕಪ್ಪು ಉಂಗುರ ಕಾಣಿಸುವುದುಂಟು. ಎಲುಬು ಕರಗಿದರೂ ಕಪ್ಪಾಗಿಯೇ ಕಾಣುತ್ತದೆ. ಆದ್ದರಿಂದ ಸಿಬಿಸಿಟಿಯೊಂದನ್ನೇ ಹಿಡಿದು ‘ಎಲುಬು ಕರಗಿದೆ, ಇಂಪ್ಲಾಂಟ್ ತೆಗೆಯಬೇಕು’ ಎಂದು ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ಬಾಯೊಳಗೆ ಚಿಕ್ಕ ಫಿಲ್ಮೋ ಸೆನ್ಸರೋ ಇಟ್ಟು ತೆಗೆಯುವ ಹಳೆಯ ಸಣ್ಣ ಎಕ್ಸ್‌ರೇ, ವಸಡಿನ ಆಳ ಅಳೆಯುವ ಕಡ್ಡಿ, ರಕ್ತ ಕೀವು ಬರುತ್ತಿದೆಯೇ ಎಂಬ ಪರೀಕ್ಷೆ, ಇವು ಇಂಥ ಕಡೆ ಹೆಚ್ಚು ನಂಬಿಕಸ್ಥ. ವಿಕಿರಣದ ಲೆಕ್ಕವೂ ಆ ಸಣ್ಣ ಎಕ್ಸ್‌ರೇ ಪರವಾಗಿಯೇ ಇದೆ. ಅದು ಕೆಲವೇ ಮೈಕ್ರೋಸೀವರ್ಟ್, ಇಡೀ ದವಡೆಯ ಒಪಿಜಿ ಸುಮಾರು 10ರಿಂದ 25, ಸಿಬಿಸಿಟಿ ಯಂತ್ರವನ್ನೂ ಚಿತ್ರದ ಅಗಲವನ್ನೂ ಅವಲಂಬಿಸಿ ಕೆಲವು ಹತ್ತರಿಂದ ಕೆಲವು ನೂರು, ತಲೆಯ ಸಿ.ಟಿ. ಸುಮಾರು 2,000. ಮಣ್ಣು, ಗಾಳಿ, ಆಕಾಶದಿಂದ ಪ್ರಪಂಚದ ಮನುಷ್ಯನೊಬ್ಬನಿಗೆ ವರ್ಷಕ್ಕೆ ಸಿಗುವ ಸರಾಸರಿ ಸಹಜ ವಿಕಿರಣ 2,400. ಹೆದರುವ ಅಂಕಿಗಳಲ್ಲ. ಆದರೆ ಆರು ತಿಂಗಳಿಗೊಮ್ಮೆ ಸುಮ್ಮನೆ ‘ಚೆಕ್ ಮಾಡಲು’ ಸಿಬಿಸಿಟಿ ಬರೆದರೆ ಯಾಕೆಂದು ಕೇಳುವ ಹಕ್ಕು ನಿಮಗಿದೆ. ದೇಶದಲ್ಲಿ ಎಕ್ಸ್‌ರೇ ಯಂತ್ರಗಳಿಗೆ ಪರವಾನಗಿ ಕೊಡುವುದು ಅಣುಶಕ್ತಿ ನಿಯಂತ್ರಣ ಮಂಡಳಿ. ಹಲ್ಲಿನ ಕ್ಲಿನಿಕ್ಕಿನ ಸಿಬಿಸಿಟಿ, ಒಪಿಜಿಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಎಂಆರ್‌ಐಯಲ್ಲಿ ಆ ಬಗೆಯ ವಿಕಿರಣವೇ ಇಲ್ಲ.

ಪೆಟ್-ಸಿ.ಟಿ. ಮಾಡಿಸುವವರಿಗೆ ಒಂದೇ ಮಾತು. ಲೋಹದ ಪಕ್ಕದಲ್ಲಿ ಸುಳ್ಳು ಹೊಳಪು ಕಾಣಿಸಿಕೊಂಡು ಕ್ಯಾನ್ಸರಿನ ಅನುಮಾನ ಹುಟ್ಟಿಸಬಹುದು, ತಿದ್ದುಪಡಿ ಮಾಡದ ಮೂಲ ಚಿತ್ರ ನೋಡಿ ರೇಡಿಯಾಲಜಿಸ್ಟ್ ಅದನ್ನು ಪರಿಹರಿಸಿಕೊಳ್ಳುತ್ತಾರೆ. ಇಂಪ್ಲಾಂಟ್ ಇದೆ ಎಂದು ಅವರಿಗೂ ತಿಳಿಸಿ. ತಲೆ ಕತ್ತಿಗೆ ರೇಡಿಯೊಥೆರಪಿ ತೆಗೆದುಕೊಳ್ಳಲಿರುವವರು ಚಿಕಿತ್ಸೆಯ ಯೋಜನೆ ಹಾಕುವ ಮೊದಲೇ ಹೇಳಬೇಕು, ಏಕೆಂದರೆ ಲೋಹದಿಂದ ಚೆದುರುವ ಕಿರಣ ಅದಕ್ಕೆ ತಗುಲಿದ ಅಂಗಾಂಶಕ್ಕೆ ಹೆಚ್ಚುವರಿ ಪ್ರಮಾಣ ಕೊಡುತ್ತದೆ.

ಹೇಳಿ, ತಿಳಿಸಿ ಎಂದು ಎಷ್ಟು ಸಲ ಬರೆದೆನೋ. ಆದರೆ ಏನೆಂದು ಹೇಳುವುದು? ‘ಇಂಪ್ಲಾಂಟ್ ಇದೆ’ ಎಂದಷ್ಟೇ ಅಂದರೆ ಎದುರಿಗಿದ್ದವರ ತಲೆಗೆ ಬರುವುದು ಹೃದಯದ್ದೋ ಕಿವಿಯದ್ದೋ. ‘ಹಲ್ಲಿನದು, ಕೆಳದವಡೆಯಲ್ಲಿ ಎರಡು, ಟೈಟಾನಿಯಂ, ಇಂಥ ವರ್ಷ ಹಾಕಿಸಿದ್ದು’ ಎಂದರೆ ಕೆಲಸ ಅಲ್ಲೇ ಮುಗಿಯಿತು. ಎಪ್ಪತ್ತು ದಾಟಿದ ಅಜ್ಜಿಗೆ ಮಾತು ಬಿದ್ದುಹೋಗಿ ರಾತ್ರಿ ಹೊತ್ತಿನಲ್ಲಿ ಸ್ಕ್ಯಾನ್‌ಗೆ ಕರೆತಂದಾಗ ಇದನ್ನು ಹೇಳಬೇಕಾದವರು ಮಕ್ಕಳು, ಸೊಸೆಯಂದಿರು. ಅವರಿಗೆ ಅತ್ತೆಯ ಬಾಯಲ್ಲಿ ಏನಿದೆ ಎಂದು ಗೊತ್ತಿರುವುದಿಲ್ಲ. ಪಾರ್ಶ್ವವಾಯುವಿನ ಹೊತ್ತಿನಲ್ಲಿ ಹಲ್ಲಿನ ಡಾಕ್ಟರನ್ನು ಹುಡುಕಿಸುತ್ತ ಸಮಯ ಕಳೆಯುವುದು ಅನ್ಯಾಯ. ಟೈಟಾನಿಯಂ ಇಂಪ್ಲಾಂಟ್ ಒಂದೇ ಕಾರಣಕ್ಕೆ ತುರ್ತು ಎಂಆರ್‌ಐ ಮುಂದೂಡಬೇಕಾಗಿಲ್ಲ.

ಇಂಪ್ಲಾಂಟ್ ಬರುವ ಪೊಟ್ಟಣದಲ್ಲಿ ಕಿತ್ತು ಅಂಟಿಸುವ ಸಣ್ಣ ಸ್ಟಿಕ್ಕರ್‌ಗಳಿರುತ್ತವೆ: ಕಂಪನಿಯ ಹೆಸರು, ಮಾದರಿ, ಅಳತೆ, ಬ್ಯಾಚ್ ಸಂಖ್ಯೆ. ಒಂದನ್ನು ದಂತವೈದ್ಯರು ತಮ್ಮ ಕಡತಕ್ಕೆ ಅಂಟಿಸಿಕೊಳ್ಳುತ್ತಾರೆ, ಇನ್ನೊಂದು ರೋಗಿಗೆ ಸಲ್ಲಬೇಕಾದದ್ದು. ಅದು ಕೈಗೆ ಬಾರದೆ ಹೋದವರು ಈ ವಾರ ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿ. ಮೇಲಿನ ಕ್ಯಾಪ್ ಯಾವ ಲೋಹದ್ದು ಎಂಬುದನ್ನೂ ಬರೆಸಿಕೊಳ್ಳಿ. ಮೊಬೈಲಿನಲ್ಲಿ ಅದರ ಫೋಟೊ ತೆಗೆದು, ಮನೆಯವರ ವಾಟ್ಸ್ಆ್ಯಪ್ ಗುಂಪಿಗೂ ಒಂದು ಹಾಕಿಡಿ.